ನೊಗಕ್ಕೆ ಬೇಕು, ತೊಟ್ಟಿಗೆ ಬೇಡ

ಗೆಳೆಯರೇ, ಪಂಚಾಯಿತಿ ಕೊಟ್ಟ ಮಾತು: ಚಳಿಗಾಲಕ್ಕೆ ಊರಿನ ಎಲ್ಲ ದನಗಳಿಗೂ ತಗಡಿನ ಶೆಡ್ಡು, ಶಹಾಬಾದಿ ಕಲ್ಲಿನ ನೀರಿನ ತೊಟ್ಟಿ. ಎರಡೂ ಆದವು, ಗೌಡರ ಓಣಿಯಲ್ಲಿ. ನಮ್ಮ ದಲಿತ ಕೇರಿಯ ದನಗಳು ಇಬ್ಬನಿಯಲ್ಲೇ ನಡುಗುತ್ತಿವೆ.

ಇಂದು ಬೆಳಿಗ್ಗೆ ನಮ್ಮ ಕೇರಿಯ ಶಾಂತಮ್ಮತ್ತೆ ತನ್ನ ಎತ್ತನ್ನು ಆ ತೊಟ್ಟಿಗೆ ಹೊಡೆದುಕೊಂಡು ಹೋದಳು. ಗೌಡರು ಅದರ ಹಗ್ಗ ಹಿಡಿದು ನಿಲ್ಲಿಸಿದರು.

"ಏ ಶಾಂತಿ, ಹಳ್ಳಕ್ಕ ಹೊಡಕೊಂಡು ಹೋಗು. ಇಲ್ಲಿ ನಮ್ಮ ದನ ಕುಡೀತಾವ."

"ನಿಮ್ಮದೊಂದು ಎತ್ತು ಕುಂಟಲಿಕತ್ತದಂತ ನಿನ್ನಿ ಇದನ್ನೇ ಜೋಡಿ ಹೂಡಿ ಜೋಳದ ಸಾಲಿನಾಗ ಕಳೆ ತೆಗಿಯಾಕ ಎಡಿ ಹೊಡದ್ರಲ್ರೀ ಗೌಡ್ರ! ನೊಗದಾಗ ಮೈಲಿಗಿ ಆಗಲಿಲ್ಲೇನು?"

ನೀರು ಕುಡಿಯುತ್ತಿದ್ದ ಗೌಡರ ಎತ್ತು ನಿನ್ನೆಯ ಜೋಡಿಯನ್ನು ಕಂಡು ತಾನಾಗಿ ಸರಿದು ಜಾಗ ಬಿಟ್ಟಿತು. ಗೌಡರು ಮಾತ್ರ ಹಗ್ಗ ಬಿಡಲಿಲ್ಲ.

ಎತ್ತಿಗಿರುವಷ್ಟು ತಿಳಿವಳಿಕೆಯನ್ನು ಗೌಡರಿಗೂ ಕಲಿಸಬೇಕಾಗಿದೆ. ದನಗಳ ಸಮೇತ ಬನ್ನಿ. ಸಭೆ ಅದೇ ತೊಟ್ಟಿಯ ಮುಂದೆ, ಸೋಮವಾರ ಬೆಳಿಗ್ಗೆ ಎಂಟಕ್ಕೆ.