ಹುಲಿಯಣ್ಣನ ಬಾಲ

ಮಕ್ಕಳ ನಾಟಕದಲ್ಲಿ ಹನ್ನೊಂದು ವರ್ಷದಿಂದ ಅವನದು ಒಂದೇ ಪಾತ್ರ: ಧೈರ್ಯ ಹುಡುಕಿಕೊಂಡು ಕಾಡೆಲ್ಲ ಅಲೆಯುವ ಪುಕ್ಕಲು ಹುಲಿ. ನಾಟಕದವರಿಗೆಲ್ಲ ಅವನು ಹುಲಿಯಣ್ಣ. ಯಾರಿಗೂ ಎದುರಾಡಿದವನಲ್ಲ, ಪಾಪ, ಒಳ್ಳೆಯವನು ಎನ್ನುತ್ತಿದ್ದರು. ಅವನೂ ಹಾಗೆಂದೇ ನಂಬಿಕೊಂಡಿದ್ದ.

ಅಂದು ಬೆಳಗಿನ ಆಟದಲ್ಲಿ, ಕೊನೆಗೂ ಧೈರ್ಯ ಬಂದ ಹುಲಿ ಎದೆಯುಬ್ಬಿಸಿ ಗರ್ಜಿಸುವ ಹೊತ್ತಿಗೆ ಸರಿಯಾಗಿ ಬಾಲ ಕಳಚಿ ಬಿತ್ತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಪರದೆ ಇಳಿದದ್ದೇ ತಡ, ಯಜಮಾನರು ವೇಷ ಹೊಲಿಯುವ ಅಕ್ಕನ ಮೇಲೆ ಹರಿಹಾಯ್ದರು.

"ಒಂದು ಬಾಲ ನೆಟ್ಟಗೆ ಹೊಲಿಯೋಕೆ ಬರಲ್ವೇನಮ್ಮ ನಿಂಗೆ? ಕಣ್ಣು ಕಾಣದಿದ್ರೆ ಮನೇಲಿರು!"

ಅಕ್ಕನ ಹೊಲಿಗೆ ಭದ್ರವಾಗಿಯೇ ಇತ್ತು. ಕೂತರೆ ಒತ್ತುತ್ತದೆಂದು ಹಿಂದಿನ ದಿನ ಅದನ್ನು ಬಿಚ್ಚಿ, ಬಾಲಕ್ಕೆ ಪಿನ್ನು ಸಿಕ್ಕಿಸಿಕೊಂಡವನು ಹುಲಿಯಣ್ಣನೇ. ಅದನ್ನು ಹೇಳಲೆಂದು ಬಾಯಿ ತೆರೆದ. ಯಜಮಾನರು ಇತ್ತ ತಿರುಗಿದರು.

"ಏನಯ್ಯಾ?"

"ಏನಿಲ್ಲ ಸಾರ್... ಬಾಯಾರಿಕೆ," ಎಂದುಬಿಟ್ಟ.

ಯಾರೋ ನೀರು ತಂದುಕೊಟ್ಟರು. ಅಕ್ಕ ತಲೆತಗ್ಗಿಸಿ ನಿಂತಿದ್ದಳು. ಅವಳೆದುರಿಗೇ ಅವನು ಗಟಗಟನೆ ಕುಡಿದ.

ಮಧ್ಯಾಹ್ನದ ಆಟಕ್ಕೆ ಮುಂಚೆ ಅಕ್ಕ ಅವನ ಬೆನ್ನ ಹಿಂದೆ ಮೊಣಕಾಲೂರಿ ಕೂತು ಬಾಲ ಹೊಲಿಯತೊಡಗಿದಳು. ಮುಖವಾಡದೊಳಗೆ ಅವನ ಕಿವಿ ಸುಡುತ್ತಿತ್ತು. ಬಟ್ಟೆಯಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಸೊಟ್ಟ ಪಿನ್ನನ್ನು ಅವಳು ಬಿಡಿಸಿ, ಅವನ ಅಂಗೈಯಲ್ಲಿಟ್ಟಳು.

"ಅಕ್ಕಾ..." ಎಂದ.

ಅಕ್ಕ ದಾರವನ್ನು ಹಲ್ಲಿನಿಂದ ಕತ್ತರಿಸಿ ಎದ್ದಳು.

"ಈ ಸಲ ಗಟ್ಟಿಯಾಗಿ ಹಾಕಿದ್ದೀನಿ ಕಣಪ್ಪ. ಎಷ್ಟು ಬೇಕಾದ್ರೂ ಬಾಲ ಮುದುರ್ಕೋ."