ಮಲಗಿ ಹೋಗುವವರಿಗೊಂದು ಕಂಡಿ

ಗಾರವ್ ಬೆಟ್ಟದ ಹೆಗಲಿನ ಮೇಲೆ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಮಂಜಿನೊಳಗಿಂದ ಕಲ್ಲಿಗೆ ಕಲ್ಲು ತಾಗುವ ಸದ್ದು ಬರುತ್ತಿದೆ. ಹತ್ತಿರ ಹೋದರೆ ಡೊಲಿನಾ ಮ್ಯಾಥೆಸನ್ ಕಾಣುತ್ತಾಳೆ. ತಲೆಗೆ ಉಣ್ಣೆಯ ಟೋಪಿ, ಸೊಂಟಕ್ಕೆ ಕಟ್ಟಿದ ಗೋಣಿ, ಕೈಯಲ್ಲಿ ಹಾರೆ. ಶನಿವಾರ ಸಂಜೆ ಯಾರೋ ಕಟ್ಟಿಸಿದ ಗೋಡೆಯನ್ನು ಆಕೆ ಸೋಮವಾರ ಬೆಳಿಗ್ಗೆ ಕೀಳುತ್ತಿದ್ದಾಳೆ. ಈ ಬೇಸಿಗೆಯಿಡೀ ಪ್ರತಿ ಸೋಮವಾರವೂ ಹೀಗೇ ನಡೆದಿದೆ. ಇವತ್ತು ಮಾತ್ರ ಆತುರವಿದೆ. ಮಧ್ಯಾಹ್ನದ ಹೊತ್ತಿಗೆ ಮುದುಕ ಇವಾಂಡರನ ಶವಪೆಟ್ಟಿಗೆ ಈ ದಾರಿಯಲ್ಲಿ ಬರಲಿದೆ.

ನಮ್ಮ ಊರು ಬೆಟ್ಟದ ಪೂರ್ವಕ್ಕಿದೆ. ಇಲ್ಲಿ ಬರೀ ಬಂಡೆ. ಆಲೂಗಡ್ಡೆಗೇ ಮಣ್ಣು ಹೊತ್ತು ತಂದು ಹಾಕಬೇಕು, ಮನುಷ್ಯನನ್ನು ಹೂಳುವಷ್ಟು ಆಳ ಎಲ್ಲಿಯೂ ಸಿಗದು. ಹಾಗಾಗಿ ನಮ್ಮ ಹಿರಿಯರು ತಮ್ಮವರನ್ನು ಹೆಗಲ ಮೇಲೆ ಹೊತ್ತು, ಬೆಟ್ಟ ದಾಟಿಸಿ, ಪಡುವಣ ಕಡಲ ದಂಡೆಯ ಮರಳುಮಣ್ಣಿಗೆ ಒಪ್ಪಿಸುತ್ತ ಬಂದರು. ಕೆಸರು, ಹೀದರ್ ಪೊದೆ, ಜಾರುವ ಬಂಡೆ, ಅಡ್ಡ ಹರಿಯುವ ತೊರೆ, ಎಲ್ಲವನ್ನೂ ದಾಟಿದ ದಾರಿ ಇದು. ಹೊತ್ತ ಪೆಟ್ಟಿಗೆಯನ್ನು ನಡುದಾರಿಯಲ್ಲಿ ನೆಲಕ್ಕೆ ತಾಗಿಸುವಂತಿಲ್ಲ. ಮುಂದಿನವರು ಪಕ್ಕಕ್ಕೆ ಸರಿಯುತ್ತಾರೆ, ಹಿಂದಿನವರು ಮುಂದಾಗುತ್ತಾರೆ, ಹೊಸ ಹೆಗಲು ಹಿಂದಿನಿಂದ ಸೇರುತ್ತದೆ. ನಡಿಗೆ ನಿಲ್ಲುವುದಿಲ್ಲ. ಹೊರುವವರು ಗಂಡಸರು ಮಾತ್ರ, ಹೆಂಗಸರು ಊರಾಚೆಯ ತೊರೆಯವರೆಗೆ ಬಂದು ಹಿಂತಿರುಗುತ್ತಾರೆ. ಈಗ ಕೊಲ್ಲಿ ಸುತ್ತಿ ಹೋಗುವ ಡಾಂಬರು ರಸ್ತೆ ಇದೆ, ಶವ ಸಾಗಿಸುವ ವಾಹನವೂ ಬರುತ್ತದೆ. ಆದರೂ ಬೆಟ್ಟದ ಮೇಲೆಯೇ ಹೋಗುತ್ತೇನೆಂದು ಹೇಳಿ ಸಾಯುವವರು ನಮ್ಮಲ್ಲಿ ಇನ್ನೂ ಇದ್ದಾರೆ.

ಈ ದಾರಿಯನ್ನು ದಾರಿಯಾಗಿ ಉಳಿಸಿದವಳು ಡೊಲಿನಾ. ಮಳೆನೀರು ದಾರಿಯನ್ನು ಕೊಚ್ಚದಂತೆ ಅಡ್ಡ ಕಾಲುವೆ ತೋಡುವುದು, ಕುಸಿದಲ್ಲಿ ಚಪ್ಪಡಿ ಕೂರಿಸುವುದು, ಗಾರೆಯಿಲ್ಲದ ಕಲ್ಲುಗೋಡೆಗಳನ್ನು ಎತ್ತಿ ನಿಲ್ಲಿಸುವುದು ಆಕೆಯ ಕೆಲಸ. ತಂದೆಯಿಂದ ಕಲಿತದ್ದು. ಕಲ್ಲು ಎತ್ತೆತ್ತಿ ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ. ಟೀ ಲೋಟವನ್ನು ಎರಡು ಅಂಗೈಯಲ್ಲಿ ಹಿಡಿದು ಕುಡಿಯುತ್ತಾಳೆ. ಬೆಟ್ಟದ ಒಡೆಯರು ಕೊಡುತ್ತಿದ್ದ ಕೂಲಿ ಹೋದ ಚಳಿಗಾಲದಲ್ಲಿ ನಿಂತಿತು. ನಿಂತದ್ದಕ್ಕೆ ಕಾರಣ ಗೋಡೆಯಲ್ಲಿನ ಒಂದು ಕಂಡಿ.

ಬೆಟ್ಟದ ಹೆಗಲಿನಲ್ಲಿ ದಾರಿಗೆ ಅಡ್ಡವಾಗಿ ಒಂದು ಹಳೆಯ ಗೋಡೆ ಇದೆ. ಅದರಲ್ಲಿ ಅಗಲವಾದ ಕಂಡಿ ಇತ್ತು. ಒಡೆಯರು ಗಿಡ ನೆಡಿಸಿದ ಮೇಲೆ, ಜಿಂಕೆ ನುಗ್ಗುತ್ತವೆಂದು ಅವರ ಮ್ಯಾನೇಜರು ಆ ಕಂಡಿಯನ್ನು ಮುಚ್ಚಿಸಿ, ಒಬ್ಬೊಬ್ಬರೇ ಮೈ ತಿರುಗಿಸಿ ದಾಟುವ ಸಣ್ಣ ಗೇಟು ಇಡಿಸಿದರು. ದಾರಿ ಮುಚ್ಚಿಲ್ಲವಲ್ಲ, ಯಾರು ಬೇಕಾದರೂ ನಡೆದು ಹೋಗಲಿ ಎಂಬುದು ಅವರ ಮಾತು. ಡೊಲಿನಾ ಅವರ ಆಫೀಸಿನ ಬಾಗಿಲಲ್ಲಿ ನಿಂತು ಕೇಳಿದ ಮಾತು ಊರಲ್ಲೆಲ್ಲ ಹಬ್ಬಿತು. "ನಡ್ಕೊಂಡು ಹೋಗೋರಿಗೆ ಬಾಗ್ಲು ಮಾಡಿದ್ದೀರಿ ಸ್ವಾಮಿ. ಮಲ್ಕೊಂಡು ಹೋಗೋರು ಎಲ್ಲಿ ಹೋಗ್ಬೇಕು?"

ಮ್ಯಾನೇಜರು ನಕ್ಕರಂತೆ. ಈಗ ಯಾರಮ್ಮ ಹೆಣ ಹೊರುತ್ತಾರೆ ಎಂದರಂತೆ.

ಹೋದ ಫೆಬ್ರವರಿಯಲ್ಲಿ ಹೊತ್ತೆವು. ಆ ಪೆಟ್ಟಿಗೆಯಲ್ಲಿ ನನ್ನ ಹೆಂಡತಿ ಬೆಥಾಗ್ ಇದ್ದಳು. ಆಲಿಕಲ್ಲಿನ ಮಳೆಯಲ್ಲಿ ನಾವು ಗೇಟಿನ ಮುಂದೆ ನಿಂತೆವು. ಪೆಟ್ಟಿಗೆಯನ್ನು ಕೆಳಗಿಡುವಂತಿಲ್ಲ, ಮುಂದೆ ಹೋಗುವಂತಿಲ್ಲ. ತೊರೆಯ ಬಳಿಯಿಂದ ಹಿಂತಿರುಗಬೇಕಾಗಿದ್ದ ಡೊಲಿನಾ ಹಾರೆ ಹಿಡಿದು ಹತ್ತಿ ಬಂದಳು. ಯಾರನ್ನೂ ಏನೂ ಕೇಳಲಿಲ್ಲ. ಗೇಟಿನ ಪಕ್ಕದ ಗೋಡೆಯನ್ನು ಮೇಲಿನಿಂದ ಒಂದೊಂದೇ ಕಲ್ಲಾಗಿ ಬಿಚ್ಚಿದಳು. ಅಷ್ಟು ಹೊತ್ತೂ ಹೆಗಲುಗಳು ಬದಲಾಗುತ್ತಲೇ ಇದ್ದವು, ಬೆಥಾಗ್ ನೆಲ ಮುಟ್ಟಲಿಲ್ಲ. ದೇವರು ಅದಕ್ಕಾಗಿ ಡೊಲಿನಾಳನ್ನು ಹರಸಲಿ.

ಮರುದಿನ ಆಕೆಯ ಕೆಲಸ ಹೋಯಿತು. ಕೆಡವಿದ್ದನ್ನು ಕಟ್ಟಿಕೊಡು ಎಂದು ಹೇಳಿಕಳಿಸಿದರು. ಡೊಲಿನಾ ಕಟ್ಟಿಕೊಟ್ಟಳು. ಆದರೆ ಪೆಟ್ಟಿಗೆಯೂ ಅದರ ಎರಡೂ ಪಕ್ಕ ಹೊರುವವರೂ ದಾಟುವಷ್ಟು ಕಂಡಿಯನ್ನು ಹಾಗೇ ಬಿಟ್ಟು, ಅದರ ಎರಡು ಅಂಚುಗಳನ್ನು, ಉದ್ದ ಕಲ್ಲು ಕೂರಿಸಿ, ಮನೆಯ ಬಾಗಿಲಿನ ಪಕ್ಕೆಯ ಹಾಗೆ ನೇರವಾಗಿ ಕಟ್ಟಿದಳು. ಈಗ ಅದನ್ನು ನೋಡಿ ಯಾರೂ ಬಿದ್ದ ಗೋಡೆ ಎನ್ನಲಾರರು. ಜಿಂಕೆಯ ಚಿಂತೆಗೆ ಎತ್ತಿಡಬಹುದಾದ ಮರದ ತಡಿಕೆಯನ್ನೂ ಮಾಡಿ ನಿಲ್ಲಿಸಿದಳು. ಮ್ಯಾನೇಜರು ತಡಿಕೆಯನ್ನು ಕೀಳಿಸಿ, ಕಂಡಿಗೆ ಕಲ್ಲು ತುಂಬಿಸಿದರು. ಆಕೆ ಬಿಚ್ಚಿದಳು. ಮತ್ತೆ ತುಂಬಿಸಿದರು.

ಆಮೇಲೆ ಯಾರೋ ಅವರಿಗೆ ಹೇಳಿದರು, ಈ ಹೆಂಗಸು ಕರ್ತನ ದಿನವಾದ ಭಾನುವಾರ ಕಲ್ಲು ಮುಟ್ಟುವುದಿಲ್ಲ ಎಂದು. ಅವರಿಗೆ ಖುಷಿಯಾಯಿತು. ಅಂದಿನಿಂದ ಶನಿವಾರ ಸಂಜೆಯೇ ತುಂಬಿಸುತ್ತಾರೆ. ಭಾನುವಾರವಿಡೀ ಕಂಡಿ ಮುಚ್ಚಿರುತ್ತದೆ. ಈ ಮಾತು ಬಂದಾಗ ಡೊಲಿನಾ ಟೀ ಚೆಲ್ಲುವಷ್ಟು ನಗುತ್ತಾಳೆ.

"ಭಾನುವಾರ ನಾವು ಹೆಣಾನೂ ಎತ್ತಲ್ಲ ಅಂತ ಆ ಪುಣ್ಯಾತ್ಮನಿಗೆ ಯಾರೂ ಹೇಳೇ ಇಲ್ಲ. ದೇವರ ಜೊತೆ ಅವನೂ ನಂಗೆ ಒಂದಿನ ರಜೆ ಕೊಟ್ಟ ಹಾಗಾಯ್ತು ಬಿಡಿ ಅಣ್ಣಾ."

ಕಲ್ಲು ತುಂಬುವ ಆಳು ಬೇರೆ ಯಾರೂ ಅಲ್ಲ, ಆಕೆಯ ಸತ್ತ ಅಕ್ಕನ ಮಗ ಟೊರ್ಕಿಲ್. ಅವನಿಗೆ ಕೆಲಸ ಕಲಿಸಿದವಳೂ ಇವಳೇ. ಮನೆಯಲ್ಲಿ ಎಳೆಯ ಮಕ್ಕಳು, ಒಡೆಯರ ಕೂಲಿ ಬಿಟ್ಟರೆ ಬೇರೆ ದಾರಿಯಿಲ್ಲ. ಬೇಸಿಗೆಯಿಡೀ ಅವನು ಕಲ್ಲುಗಳನ್ನು ಸಡಿಲವಾಗಿ ಪೇರಿಸಿ ಹೋಗುತ್ತಿದ್ದ. ಇಬ್ಬರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಚರ್ಚಿನ ಬಾಗಿಲಲ್ಲಿ ಸಿಕ್ಕಾಗ ಮಾತ್ರ ಆಕೆ, ನಿನ್ನ ಗೋಡೆ ಕುರಿ ಸೀನಿದರೆ ಬೀಳುತ್ತದೆ, ನನ್ನ ಹೆಸರು ಕೆಡಿಸಬೇಡ ಎಂದು ಬೈಯುತ್ತಿದ್ದಳು.

ಗುರುವಾರ ಇವಾಂಡರ್ ತೀರಿಕೊಂಡ. ನಮ್ಮ ಚರ್ಚಿನ ಸಭೆಯಲ್ಲಿ ಐವತ್ತು ವರ್ಷ ಕೀರ್ತನೆ ಎತ್ತಿಕೊಟ್ಟ ದನಿ ಅದು. ತನ್ನನ್ನು ಬೆಟ್ಟ ದಾಟಿಸಬೇಕೆಂದು ಹೇಳಿಹೋಗಿದ್ದ. ಶನಿವಾರ ಸಂಜೆ ಮ್ಯಾನೇಜರು ಟೊರ್ಕಿಲನ ಜೊತೆ ತಾವೇ ಹತ್ತಿ ಬಂದು, ಕೊನೆಯ ಕಲ್ಲಿನವರೆಗೂ ನಿಂತು ನೋಡಿ, ಭದ್ರವಾಗಿ ಕಟ್ಟಿಸಿದರು.

ಅದನ್ನೇ ಈಗ ಡೊಲಿನಾ ಕೀಳುತ್ತಿರುವುದು. ಹಾರೆ ಜಾರುತ್ತದೆ. ಗೋಡೆಯ ಎರಡೂ ಮುಖ ಹಿಡಿದು ಕೂರಿಸಿದ ಉದ್ದ ಕಲ್ಲುಗಳು ಅಲುಗುವುದಿಲ್ಲ, ಸಂದಿಗಳಿಗೆ ಕಲ್ಲಿನ ಚಕ್ಕೆ ಬಿಗಿದಿದೆ. ಆಕೆ ಒಂದು ಕ್ಷಣ ನಿಂತು ಗೋಡೆಯನ್ನು ಅಂಗೈಯಿಂದ ಸವರಿ, ಪಕ್ಕದಲ್ಲಿರುವ ನನ್ನ ಕಡೆ ತಿರುಗುತ್ತಾಳೆ. "ನೋಡಿ, ಕಲ್ತಿದ್ದಾನೆ," ಎನ್ನುತ್ತಾಳೆ. ಬೈಗುಳವೋ ಹೊಗಳಿಕೆಯೋ ಹೇಳುವುದು ಕಷ್ಟ.

ಮಂಜು ಕರಗುವ ಹೊತ್ತಿಗೆ ಕೆಳಗಿನಿಂದ ಒಬ್ಬ ಹತ್ತಿ ಬರುತ್ತಾನೆ. ಕರಿಯ ಕೋಟು, ಕರಿಯ ಟೈ. ಟೊರ್ಕಿಲ್. ಕೋಟು ಬಿಚ್ಚಿ ಮಡಚಿ ಬಂಡೆಯ ಮೇಲಿಡುತ್ತಾನೆ.

"ಕೆಲ್ಸ ಹೋಗುತ್ತೆ ಕಣೋ," ಎನ್ನುತ್ತಾಳೆ ಡೊಲಿನಾ, ತಿರುಗಿ ನೋಡದೆ.

"ಹೋಗ್ಲಿ ಚಿಕ್ಕಮ್ಮ. ಆ ಕಡೆ ತುದಿ ಹಿಡ್ಕೋ. ಇದನ್ನ ಕೂರಿಸೋವಾಗ ನನ್ನ ಬೆನ್ನೇ ಮುರೀತು."

"ಹಂಗಾದ್ರೆ ಇನ್ನೂ ಸರಿಯಾಗಿ ಕಲ್ತಿಲ್ಲ ನೀನು."

ಇಬ್ಬರೂ ಸೇರಿ ಎತ್ತುತ್ತಾರೆ. ಕಂಡಿ ತೆರೆಯುತ್ತದೆ. ಡೊಲಿನಾ ಚಕ್ಕೆಗಳನ್ನೆಲ್ಲ ಆಯ್ದು, ಹೊರುವವರ ಕಾಲಿಗೆ ಸಿಗದಂತೆ ದೂರ ಎಸೆಯುತ್ತಾಳೆ. ಟೊರ್ಕಿಲ್ ಕೋಟು ತೊಟ್ಟು, ಪೆಟ್ಟಿಗೆಗೆ ಹೆಗಲು ಕೊಡಲು ಇಳಿದುಹೋಗುತ್ತಾನೆ, ಅವನ ಹಿಂದೆ ನಾನೂ.

ಮಧ್ಯಾಹ್ನ ಪೆಟ್ಟಿಗೆ ಏರಿ ಬರುತ್ತದೆ. ಮ್ಯಾನೇಜರು ತಮ್ಮ ಗಾಡಿಯನ್ನು ಕೆಳಗೆ ಬಿಟ್ಟು ಹತ್ತಿ ಬಂದಿದ್ದಾರೆ. ಗೋಡೆಯ ಪಕ್ಕದಲ್ಲಿ ನಿಂತಿದ್ದಾರೆ, ಟೋಪಿ ತೆಗೆದಿದ್ದಾರೆ. ಊರಲ್ಲಿ ಗಂಡಸರು ಕಡಿಮೆ. ಏರಿನಲ್ಲಿ ಇಬ್ಬರು ಮುದುಕರಿಗೆ ಉಸಿರು ಕಟ್ಟಿ ಪಕ್ಕಕ್ಕೆ ಕೂತಿದ್ದಾರೆ. ನಾನು ಆ ಇಬ್ಬರಲ್ಲಿ ಒಬ್ಬ. ಕಂಡಿ ಇನ್ನೇನು ಹತ್ತಿರವಿದೆ, ಹಿಂದಿನಿಂದ ಸೇರಬೇಕಾದ ಹೆಗಲು ಇಲ್ಲ.

"ಚಿಕ್ಕಮ್ಮಾ," ಎಂದು ಟೊರ್ಕಿಲ್ ಪೆಟ್ಟಿಗೆಯ ಅಡಿಯಿಂದ ಕರೆಯುತ್ತಾನೆ, "ಎಡಗಡೆ ಒಂದು ಹೆಗಲು ಕಮ್ಮಿ ಇದೆ."

ಡೊಲಿನಾ ಸಭೆಯ ಹಿರಿಯನಾದ ನನ್ನ ಕಡೆ ನೋಡುತ್ತಾಳೆ. ನಾನು ತಲೆದೂಗುತ್ತೇನೆ. ನಾನು ತಲೆದೂಗುವ ಮೊದಲೇ ಆಕೆ ಸೊಂಟದ ಗೋಣಿ ಬಿಚ್ಚಿಯಾಗಿತ್ತು. ನಡಿಗೆ ನಿಲ್ಲದೆ ಆಕೆ ಒಳಸೇರುತ್ತಾಳೆ. ಇವಾಂಡರ್ ಕಂಡಿ ದಾಟಿ ಇಳಿಯುತ್ತಾನೆ, ಕಡಲಿನ ಕಡೆಗೆ.

ಸಂಜೆ ಹಿಂತಿರುಗುವಾಗ ಆಕೆ ಮತ್ತೆ ಆ ಗೋಡೆಯ ಬಳಿ ನಿಲ್ಲುತ್ತಾಳೆ. ಬರುವ ಶನಿವಾರ ಮತ್ತೆ ತುಂಬಿಸುತ್ತಾರಲ್ಲ ಎಂದು ನಾನು ಕೇಳುತ್ತೇನೆ. ತುಂಬಿಸಲಿ, ಸೋಮವಾರ ಎಲ್ಲಿಗೂ ಓಡಿಹೋಗುವುದಿಲ್ಲ ಎನ್ನುತ್ತಾಳೆ. ಮಡಚದ ಬೆರಳುಗಳಿಂದ ತನ್ನ ಎಡ ತೋಳನ್ನು, ಆಮೇಲೆ ಕಂಡಿಯ ಅಂಚನ್ನು ಮುಟ್ಟಿ ನೋಡುತ್ತಾಳೆ.

"ಬೇರೆಯವರ ಹೆಗಲು ನೋಡ್ಕೊಂಡು ಕಂಡಿಗೆ ಅಳತೆ ಇಟ್ಟಿದ್ದೆ ಅಣ್ಣಾ, ಒಂದು ಅನುಮಾನ ಇತ್ತು. ಸರಿಯಾಗಿದೆ. ತೋಳಿಗೆ ಕಲ್ಲು ತಾಗಲಿಲ್ಲ."