ಒಳಗೆ ಬಿಡದ ಬಟ್ಟೆ

ಟೋಕಿಯೋದ ನಿಶಿ ಕಸಾಯಿ ಎಂಬ ಬಡಾವಣೆಯಲ್ಲಿರುವ ಮಗಳ ಮನೆಯಲ್ಲಿ ನನಗೆ ಓಡಾಡಲು ಇದ್ದದ್ದು ಬಾಲ್ಕನಿಯಿಂದ ಮುಂಬಾಗಿಲ ಚಪ್ಪಲಿ ಗೂಡಿನವರೆಗಿನ ಜಾಗ. ಮೊಮ್ಮಗಳ ಜೊತೆ ಸ್ವಲ್ಪ ದಿನ ಇದ್ದು ಹೋಗೋಣವೆಂದು ಬಂದವನು ಕೊರೊನಾ ಬಂದು, ವಿಮಾನಗಳು ನಿಂತು, ಅಲ್ಲೇ ಉಳಿದುಬಿಟ್ಟೆ. ಅಳಿಯ ಊಟದ ಮೇಜಿನ ಒಂದು ತುದಿಯಲ್ಲೇ ಆಫೀಸು ಹೂಡಿದ್ದರು. ನಾನು ನಡೆದರೆ ನೆಲ ಸದ್ದು ಮಾಡುತ್ತಿತ್ತು.

"ಅಪ್ಪ, ಒಂದ್ ಕಡೆ ಕೂತ್ಕೊಳ್ಳಿ. ಕೆಳಗಡೆ ಮನೆಯವ್ರು ಏನಂದ್ಕೋತಾರೆ?" ಎನ್ನುತ್ತಿದ್ದಳು ಮಗಳು.

"ಕೂತ್ರೆ ಕೈ ಸುಮ್ನಿರಲ್ಲ ಕಣಮ್ಮ."

"ಸುಮ್ನಿರದೇ ಇರೋದು ನಿಮ್ಮ ಕಾಲು."

ಕೊನೆಗೆ ಅವಳೇ ಒಂದು ಪುಟ್ಟ ಹೊಲಿಗೆ ಮಿಷನ್ ತರಿಸಿಕೊಟ್ಟಳು. ಎಸ್ಸೆಸ್ಸೆಲ್ಸಿ ಮುಗಿಸಿ ಮೈಸೂರಿನಲ್ಲಿ ಮಿಷನ್ನಿನ ಮುಂದೆ ಕೂತವನು ನಾನು; ಜೀವನವೆಲ್ಲ ಶಾಲೆಯ ಯೂನಿಫಾರಂ ಹೊಲಿದೆ. ಇಲ್ಲಿ ಮಾಸ್ಕ್ ಹೊಲಿದೆ. ಮನೆಯವರಿಗಾಯಿತು, ಕಟ್ಟಡದ ಕನ್ನಡದವರಿಗಾಯಿತು, ಪಕ್ಕದ ಮನೆಯ ಜಪಾನಿ ಅಜ್ಜಿಯ ಬಾಗಿಲಿಗೂ ಒಂದು ಚೀಲ ತೂಗುಹಾಕಿದ್ದಾಯಿತು. ಆಗಿನ ಚಡಪಡಿಕೆ ಬರೀ ಬೇಸರದ್ದು. ಆಮೇಲಿನದಕ್ಕೆ ಕಾರಣ ಬೇರೆ. ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ಜಪಾನಿಗೆ ಬರುವ ಹಿಂದಿನ ವರ್ಷ ನಮ್ಮ ಚರ್ಚಿನಿಂದ ಒಂದು ತಂಡ ಉಗಾಂಡಾದ ಒಂದು ಹಳ್ಳಿಗೆ ಹೋಗಿತ್ತು. ಅಲ್ಲಿನ ಅನಾಥಾಲಯಕ್ಕೆ ಕೆಲವರು ಬಣ್ಣ ಬಳಿದರು, ಕೆಲವರು ಮಕ್ಕಳಿಗೆ ಬೈಬಲ್ ಕಥೆ ಹೇಳಿದರು. ಹೆಣ್ಣುಮಕ್ಕಳಿಗೆ ಯೂನಿಫಾರಂ ಹೊಲಿಯುವ ಕೆಲಸ ನನ್ನದು. ಮಾವಿನ ಮರದ ಕೆಳಗೆ ಕಾಲಲ್ಲಿ ತುಳಿಯುವ ಮಿಷನ್, ಪಕ್ಕದಲ್ಲಿ ನೇರಳೆ ಬಣ್ಣದ ಬಟ್ಟೆಯ ಥಾನು. ಮಕ್ಕಳು ನನ್ನನ್ನು ಜಾಜಾ ಎಂದು ಕರೆದರು; ಅವರ ಮಾತಿನಲ್ಲಿ ಹಾಗಂದರೆ ತಾತ. ಆ ಕರೆ ನನ್ನ ತಲೆಗೇರಿತು.

ಬೆಳೆಯುವ ಮಕ್ಕಳಿಗೆ ಹೊಲಿಯುವಾಗ ಪಕ್ಕದ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡಬೇಕು, ಕೆಳಗೆ ಮಡಿಕೆ ದೊಡ್ಡದಿರಬೇಕು. ಮಗು ಬೆಳೆದಾಗ ಹೊಲಿಗೆ ಬಿಚ್ಚಿ ದೊಡ್ಡದು ಮಾಡಬಹುದು. ನಮ್ಮಲ್ಲಿ ತಾಯಂದಿರು ಅಂಗಡಿಯ ಮೆಟ್ಟಿಲು ಹತ್ತುವಾಗಲೇ "ಎರಡು ವರ್ಷ ಬರೋ ಹಾಗೆ ಹೊಲೀರಿ" ಎನ್ನುತ್ತಾರೆ. ಹಾಗೆ ಹೊಲಿದ ಫ್ರಾಕು ಮೊದಲ ವರ್ಷ ಗೋಣಿಚೀಲದ ಹಾಗೆ ಕಾಣುತ್ತದೆ. ಅಲ್ಲಿ ಹೊಲಿದ ಮೊದಲ ಫ್ರಾಕೂ ಹಾಗೇ ಕಂಡಿತು. ಕೊನೆಯ ದಿನ ಫೋಟೋ ತೆಗೆಯುವುದಿತ್ತು, ಅದು ಚರ್ಚಿನ ಗೋಡೆಯ ಮೇಲೆ ಬರುವುದಿತ್ತು. ಟೈಲರ್ ಯಾರು ಎಂದು ಜನ ಕೇಳುತ್ತಾರೆ. ನಾನು ಹೊಲಿಗೆಯ ಗೀಟಿನ ಪಕ್ಕದಲ್ಲೇ ಕತ್ತರಿ ಓಡಿಸಿದೆ. ಒಳಗೆ ಏನನ್ನೂ ಬಿಡಲಿಲ್ಲ.

ಮಕ್ಕಳನ್ನು ನೋಡಿಕೊಳ್ಳುವ ಮೇಲ್ವಿಚಾರಕಿಯನ್ನು ಎಲ್ಲರೂ ಮಾಮಾ, ಅಂದರೆ ಅಮ್ಮ, ಎನ್ನುತ್ತಿದ್ದರು. ಆಕೆ ಒಂದು ಫ್ರಾಕಿನ ಒಳಮಗ್ಗುಲು ತಿರುಗಿಸಿ, ಹೊಲಿಗೆಯನ್ನು ಚಿವುಟಿ, ನನ್ನ ಮುಖ ನೋಡಿದರು.

"ಇಲ್ಲಿ ಬಟ್ಟೆ ಇಲ್ಲವಲ್ಲ," ಎಂದರು ಇಂಗ್ಲಿಷಿನಲ್ಲಿ.

"ನಾವು ವರ್ಷ ವರ್ಷ ಬರ್ತೀವಿ ಮಾಮಾ. ಪ್ರತಿ ವರ್ಷ ಹೊಸದು," ಎಂದೆ ನನ್ನ ಹರಕು ಇಂಗ್ಲಿಷಿನಲ್ಲಿ. ಹಾಗೆಂದು ಯಾರೂ ತೀರ್ಮಾನಿಸಿರಲಿಲ್ಲ. ಬಾಯಿಗೆ ಬಂತು, ಅಂದುಬಿಟ್ಟೆ.

ಕತ್ತರಿಸಿ ಉಳಿದ ಪಟ್ಟಿಗಳಲ್ಲಿ ತಲೆಗೆ ಮುಡಿಯುವ, ಚಿಟ್ಟೆಯಾಕಾರದ ಬೋ ಹೊಲಿದೆ. ಅಲ್ಲಿನ ಶಾಲೆಯ ಹೆಣ್ಣುಮಕ್ಕಳ ತಲೆಗೂದಲನ್ನು ನುಣ್ಣಗೆ ಕತ್ತರಿಸಿರುತ್ತಾರೆ ಎಂಬುದು ಅಷ್ಟು ದಿನ ಕಣ್ಣೆದುರೇ ಇದ್ದರೂ ನನಗೆ ಹೊಳೆದಿರಲಿಲ್ಲ. ಬೋಗಳನ್ನು ಎದೆಗೆ ಪಿನ್ನು ಮಾಡಿದೆ. ಸಾಲಿನಲ್ಲಿ ಎಲ್ಲರಿಗಿಂತ ಎತ್ತರದ ಹುಡುಗಿ ಫೋಟೋದವನತ್ತ ಎರಡೂ ಕೈ ಎತ್ತಿ ಬೀಸಿದಳು. ಕಂಕುಳಲ್ಲಿ ಬಟ್ಟೆ ಬಿಗಿದು ಎದೆಯ ಮೇಲೆಲ್ಲ ನೆರಿಗೆ ಬಿತ್ತು. "ಕೈ ಇಳಿಸು, ಕೈ ಇಳಿಸು," ಎಂದೆ. ಇಳಿಸಿದಳು. ಫೋಟೋ ಬಹಳ ಚೆನ್ನಾಗಿ ಬಂತು.

ಟೋಕಿಯೋದಲ್ಲಿ ಭಾನುವಾರ ಸಂಜೆ ಕನ್ನಡ ಕ್ರೈಸ್ತ ಕುಟುಂಬಗಳ ಪ್ರಾರ್ಥನಾ ಕೂಟ ಜೂಮ್‌ನಲ್ಲಿ ಸೇರುತ್ತಿತ್ತು. ಸಾಕ್ಷಿ ಹೇಳಲು ಮಗಳು ನನ್ನನ್ನು ಮುಂದೆ ಕೂರಿಸಿದಳು. ಸಾಕ್ಷಿಯೆಂದರೆ ದೇವರು ನಮ್ಮ ಬಾಳಿನಲ್ಲಿ ಮಾಡಿದ್ದನ್ನು ಹೇಳುವುದು. ನಾನು ಹೇಳಿದ್ದು ನಾನು ಮಾಡಿದ್ದನ್ನು. ತೆರೆಯ ಮೇಲೆ ಆ ಫೋಟೋ ಬಂತು. ಎಲ್ಲರೂ ಚಪ್ಪಾಳೆಯ ಗುರುತು ಒತ್ತಿದರು. ಇನ್ನೊಂದು ಭಾನುವಾರ ಆ ಮಕ್ಕಳನ್ನೇ ಕರೆಯೋಣ ಎಂದರು ಕೂಟದ ಪಾಸ್ಟರು.

ಕರೆದರು. ಮಕ್ಕಳು ಅದೇ ನೇರಳೆ ಫ್ರಾಕಿನಲ್ಲಿ ಸಾಲಾಗಿ ನಿಂತು ಹಾಡಿದರು. ನಾನಿದ್ದಾಗ ಈ ಮಕ್ಕಳು ಹಾಡುತ್ತಿದ್ದದ್ದೇ ಕೈಗಳನ್ನು ಮೇಲೆತ್ತಿ, ಗಾಳಿಗೆ ಸಿಕ್ಕ ಜೋಳದ ಹೊಲದ ಹಾಗೆ ತೂಗಿಕೊಂಡು. ಈಗ ಎಲ್ಲರ ತೋಳುಗಳೂ ಪಕ್ಕೆಗೆ ಅಂಟಿಕೊಂಡಿದ್ದವು.

"ಎಷ್ಟು ಡಿಸಿಪ್ಲಿನ್ ನೋಡಿ," ಎಂದರೊಬ್ಬರು.

ಡಿಸಿಪ್ಲಿನ್ ಅಲ್ಲ. ಕೈ ಎತ್ತಿದರೆ ಹರಿಯುತ್ತದೆ. ಅಷ್ಟು ದೂರದಿಂದಲೂ ನನಗೆ ಅದು ಕಂಡಿತು. ಎತ್ತರದ ಹುಡುಗಿ ಹಿಂದೆ ಒಂದು ಶಾಲು ಹೊದ್ದು ನಿಂತಿದ್ದಳು. ಕೊರೊನಾಕ್ಕೆ ಮುಚ್ಚಿದ ಶಾಲೆ ದೊಡ್ಡ ತರಗತಿಗೆ ಮೊದಲು ತೆರೆಯುತ್ತದೆ, ಪರೀಕ್ಷೆಗೆ ಕೂರಬೇಕಾದ ಈ ಹುಡುಗಿಗೆ ಪ್ರಾರ್ಥಿಸಿ ಎಂದರು ಮಾಮಾ. ಆಮೇಲೆ, "ಯೂನಿಫಾರಂ ಇಲ್ಲದೆ ಒಳಗೆ ಬಿಡುವುದಿಲ್ಲ, ಅದಕ್ಕೂ ಪ್ರಾರ್ಥಿಸಿ," ಎಂದು ಮೆಲ್ಲಗೆ ಸೇರಿಸಿದರು. ನನ್ನ ಹೆಸರೆತ್ತಲಿಲ್ಲ. ಎಲ್ಲರೂ ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ. ಬಾಯಿಯನ್ನೂ ಮುಚ್ಚಿಕೊಂಡಿದ್ದೆ.

ಅಲ್ಲಿಂದ ಶುರುವಾಯಿತು ಕಾಲಿನ ಕಾಟ. ಮಾಸ್ಕ್ ಹಾಕಿಕೊಂಡು ನದಿಯ ಏರಿಯ ಮೇಲೆ ನಡೆಯುತ್ತಿದ್ದೆ, ರೈಲು ಸೇತುವೆಯವರೆಗೆ ಹೋಗಿ ತಿರುಗುತ್ತಿದ್ದೆ, ಮನೆಗೆ ಬಂದರೆ ಮತ್ತೆ ಬಾಲ್ಕನಿ, ಚಪ್ಪಲಿ ಗೂಡು. ಇಲ್ಲಿ ಕೊಂಬಿನಿ ಎನ್ನುವ ಮೂಲೆಯಂಗಡಿಗೆ ಹಾಲು ತರಲು ಹೋಗಿ ಬರಿಗೈಯಲ್ಲಿ ಬಂದೆ. ಹೊಸ ಫ್ರಾಕು ಹೊಲಿದು ಕಳಿಸೋಣವೆಂದು ಅಂಚೆ ಕಚೇರಿಯಲ್ಲಿ ಮಗಳಿಂದ ಕೇಳಿಸಿದೆ. ಆ ಕಡೆಗೆ ಈಗ ಪಾರ್ಸೆಲ್ ಹೋಗುತ್ತಿಲ್ಲ ಎಂದು ತಲೆಬಾಗಿ ಹೇಳಿದರು. ಯಾಕಪ್ಪ ಎಂದು ಮಗಳು ಕೇಳಿದರೆ, "ಸುಮ್ನೆ," ಎಂದೆ.

ಶರತ್ಕಾಲದಲ್ಲಿ ಇಲ್ಲಿ ಪುಟ್ಟ ಮಕ್ಕಳಿಗೆ ಕಿಮೋನೋ ಉಡಿಸಿ ಫೋಟೋ ತೆಗೆಸುತ್ತಾರೆ. ಮಾಸ್ಕಿಗೆ ಪ್ರತಿಯಾಗಿ ಪಕ್ಕದ ಮನೆಯ ಅಜ್ಜಿ ತನ್ನ ಮಗಳ ಹಳೆಯ ಕಿಮೋನೋ ತಂದುಕೊಟ್ಟರು. ಮೊಮ್ಮಗಳಿಗೆ ಉಡಿಸುವಾಗ ನನ್ನ ಕೈ ತಾನಾಗಿ ಹೊಲಿಗೆಗೆ ಹೋಯಿತು. ಎರಡೂ ಭುಜದ ಮೇಲೆ ಬಟ್ಟೆಯನ್ನು ಮಡಿಚಿ, ಹೊರಗೆ ಕಾಣುವಂತೆಯೇ ಹೊಲಿದಿತ್ತು. ಸೊಂಟದಲ್ಲೂ ಒಂದು ದೊಡ್ಡ ಮಡಿಕೆ. ಮೊಮ್ಮಗಳು ಒಬಾಚಾನ್ ಎಂದು ಕರೆಯುವ ಆ ಅಜ್ಜಿ ಏನೋ ಹೇಳಿದರು.

"ಏನಂತೆ ಪುಟ್ಟಿ?"

ಮೊಮ್ಮಗಳು ತೊಡರು ಕನ್ನಡದಲ್ಲಿ ಹೇಳಿದಳು. "ನಾನು ದೊಡ್ಡ ಆದ್ರೆ ಇದು ಓಪನ್ ಮಾಡ್ತಾರೆ, ತಾತ. ಒಬಾಚಾನ್ ಮಗಳಿಗೂ ಓಪನ್ ಮಾಡಿದ್ರು. ಆಮೇಲೆ ಮತ್ತೆ ಕ್ಲೋಸ್ ಮಾಡಿದ್ರು, ನನಗೆ."

ಆ ಮಡಿಕೆಯ ಪಕ್ಕದಲ್ಲಿ ಹಳೆಯ ಸೂಜಿ ತೂತುಗಳ ಗೆರೆ ಇತ್ತು. ಅಜ್ಜಿ ನನ್ನ ಕೆಲಸ ಗೊತ್ತಿದ್ದವರಂತೆ ನಕ್ಕು, ನನ್ನತ್ತ ಬೆರಳು ತೋರಿಸಿ ಇನ್ನೇನೋ ಅಂದರು. ನಿಮ್ಮ ಊರಲ್ಲೂ ಹೀಗೇ ಮಾಡುತ್ತೀರಾ ಎಂದು ಕೇಳುತ್ತಿದ್ದಾರೆ ಎಂದಳು ಮಗಳು. ನಾನು ಹೌದೆಂದು ತಲೆ ಆಡಿಸಿ ಎದ್ದು ಹೋದೆ. ಆ ದಿನದ ಫೋಟೋದಲ್ಲಿ ನಾನಿಲ್ಲ.

ಮುಂದಿನ ಕೂಟಕ್ಕೆ ಮಾಮಾ ಮತ್ತೆ ಬಂದಿದ್ದರು. ದೊಡ್ಡ ತರಗತಿಗೆ ಶಾಲೆ ತೆರೆದಿತ್ತು. ಹುಡುಗಿಯನ್ನು ಗೇಟಿನಿಂದ ವಾಪಸು ಕಳಿಸಿದ್ದರು. ಆ ಬಣ್ಣದ ಬಟ್ಟೆ ಹತ್ತಿರದ ಪೇಟೆಯಲ್ಲಿ ಸಿಕ್ಕಿರಲಿಲ್ಲ. ಅವಳು ಅಡುಗೆಮನೆಯಲ್ಲಿ ಕಟ್ಟಿಗೆ ಒಟ್ಟುತ್ತಿದ್ದಳು. ಪ್ರಾರ್ಥನೆಗೆ ಮೊದಲು ನಾನು ಮೈಕ್ ತೆರೆದೆ.

"ಪಾಸ್ಟರೇ, ನನ್ನ ಸಾಕ್ಷಿ ತಪ್ಪು. ಆ ಫ್ರಾಕುಗಳು ಬೇಗ ಸಣ್ಣದಾಗಲಿ ಅನ್ನೋ ಹಾಗೆ ಹೊಲಿದವನು ನಾನು. ಒಳಗೆ ಬಿಡಬೇಕಾದ ಬಟ್ಟೆ ಕತ್ತರಿಸಿ ಬೋ ಮಾಡಿದೆ, ಫೋಟೋಗೆ. ಮಾಮಾ ಆಗ್ಲೇ ಹೇಳಿದ್ರು. ವರ್ಷ ವರ್ಷ ಬರ್ತೀವಿ ಅಂತ ಸುಳ್ಳು ಹೇಳಿದೆ."

ಮಗಳು ಪಕ್ಕದಿಂದ ಮೊಣಕೈಯಲ್ಲಿ ತಿವಿದಳು. ಪಾಸ್ಟರು, "ಅಂಕಲ್, ಮನಸ್ಸಿಗೆ ಹಚ್ಕೋಬೇಡಿ. ದೇವರು ಹೃದಯ ನೋಡ್ತಾರೆ," ಎಂದರು.

"ದೇವರು ಹೃದಯ ನೋಡ್ತಾರೆ ಸಾರ್. ಸ್ಕೂಲಿನವರು ಯೂನಿಫಾರಂ ನೋಡ್ತಾರೆ."

ಅಳಿಯ ಇದನ್ನೆಲ್ಲ ಇಂಗ್ಲಿಷಿನಲ್ಲಿ ಮಾಮಾಗೆ ಹೇಳಿದರು. ಆಕೆ ಎದ್ದು ಹೋದರು. ಸಿಟ್ಟಾಗಿ ಹೋದರೆಂದುಕೊಂಡೆ. ವಾಪಸು ಬಂದಾಗ ಕೈಯಲ್ಲಿ ಬಿಸ್ಕತ್ತಿನ ಡಬ್ಬಿ ಇತ್ತು. ಅದರ ತುಂಬ ನನ್ನ ನೇರಳೆ ಬೋಗಳು.

"ಬಟ್ಟೆ ಅಂತ ಎತ್ತಿಟ್ಟಿದ್ದೆ. ಎದೆಯ ಮೇಲೆ ಬ್ಯಾಡ್ಜಿನ ಹಾಗೆ ಸಿಕ್ಕಿಸಿಕೊಳ್ಳಲು ಇವರೇನು ಮಂತ್ರಿಗಳೇ?" ಎಂದರು.

ಮಾರನೆಯ ದಿನ ವಿಡಿಯೋ ಕರೆಯಲ್ಲಿ ನಾನು ಇಲ್ಲಿ ಹಳೆಯ ದಿಂಬಿನ ಚೀಲ ಕತ್ತರಿಸಿ ತೋರಿಸಿದೆ, ಅಲ್ಲಿ ಮಾಮಾ ಮತ್ತು ಆ ಹುಡುಗಿ ಮಾಡಿದರು. ಬೋ ಬಿಚ್ಚುವುದು, ಪಟ್ಟಿಗಳನ್ನು ಜೋಡಿಸುವುದು, ಪಕ್ಕದ ಹೊಲಿಗೆ ತೆರೆದು ಕೂರಿಸುವುದು, ಕಂಕುಳಿಗೆ ಒಂದು ಚೌಕದ ತುಂಡು ಹಚ್ಚುವುದು. ಎಲ್ಲ ಮಕ್ಕಳ ಬೋಗಳೂ ಆ ಒಂದೇ ಫ್ರಾಕಿಗೆ ಹೋದವು. ಚಿಕ್ಕವರ ಶಾಲೆ ತೆರೆದಾಗ ಅವರಿಗೂ ಬೇಕಾಗುತ್ತಿತ್ತು. ಪಾರ್ಸೆಲ್ ಹೋಗುವ ದಿನಕ್ಕೆಂದು ಅಂದಾಜಿನ ಅಳತೆಯಲ್ಲಿ ಒಂದೊಂದೇ ಹೊಲಿದು, ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟು, ಮಗಳ ಬೀರುವಿನಲ್ಲಿ ಇಡತೊಡಗಿದೆ. ಅಳಿಯನ ಚಳಿಗಾಲದ ಕೋಟುಗಳು ಹೊರಗೆ ಬಂದವು.

"ಮಾವ, ನನ್ನ ಕೋಟ್‌ನೂ ಉಗಾಂಡಾಗೆ ಕಳಿಸ್ತೀರಾ?" ಎಂದರು ಅವರು.

ಫ್ರಾಕು ಮುಗಿದ ದಿನ ಹುಡುಗಿ ಅದನ್ನು ತೊಟ್ಟು ಫೋನಿನ ಮುಂದೆ ನಿಂತಳು. ಪಕ್ಕೆಯಲ್ಲಿ ಜೋಡಣೆಯ ಗೆರೆಗಳು ಎದ್ದು ಕಾಣುತ್ತಿದ್ದವು. ಕೈ ಎತ್ತಲು ಹೇಳಿ ಎಂದೆ. ಅವಳು ನಿಧಾನವಾಗಿ ಎತ್ತಿದಳು, ಕಿವಿಯವರೆಗೆ, ಆಮೇಲೆ ತಲೆಯ ಮೇಲೆ. ಏನೂ ಹರಿಯಲಿಲ್ಲ. ನಾನು ಹೊಲಿಗೆ ನೋಡುತ್ತ ಇದ್ದುಬಿಟ್ಟೆ. ಅವಳು ಮಾಮಾಗೆ ಏನೋ ಹೇಳಿದಳು. ಮಾಮಾ ಜೋರಾಗಿ ನಕ್ಕರು.

"ಜಾಜಾ, ಇವಳು ಕೇಳ್ತಿದ್ದಾಳೆ: ಈಗ ಕೈ ಇಳಿಸಬೇಕಾ, ಇನ್ನೂ ಫೋಟೋ ಇದೆಯಾ?"

ಅವಳು ನನ್ನ ಉತ್ತರಕ್ಕೆ ಕಾಯದೆ ತಾನಾಗಿ ಕೈ ಇಳಿಸಿ, ಶಾಲೆಗೆ ಹೊತ್ತಾಯಿತೆಂದು ಚೀಲ ತೆಗೆದುಕೊಂಡು ಹೊರಟಳು. ಮುಂದಿನ ವರ್ಷ ಬರ್ತೀರಾ ಎಂದು ಮಾಮಾ ಕೇಳಿದರು.

"ಗೊತ್ತಿಲ್ಲ ಮಾಮಾ," ಎಂದೆ.